ಕುರ್ಚಿ ಬಿಡುವ ದಿನ, ಅದಕ್ಕೂ ಹಿಂದಿನ ಹತ್ತೊಂಬತ್ತು ವರ್ಷ



ಇವತ್ತಿನ ವಿಷಯ ಸ್ವಲ್ಪ ಬೇರೆ. ಒಂದು ಸೇವಾ ಸಂಸ್ಥೆಯನ್ನು ಕಟ್ಟಿದವರು ಅದನ್ನು ಮುಂದಿನವರ ಕೈಗೆ ಹೇಗೆ ಒಪ್ಪಿಸ್ತಾರೆ ಅನ್ನೋದು. ಕೋಡ್ ಬರೆಯೋನು ಇದನ್ನ ಯಾಕೆ ಹೇಳ್ತಿದ್ದಾನೆ ಅಂತ ನಿಮಗೆ ಅನ್ನಿಸಬಹುದು. ಎರಡು ಕಾರಣ ಇದೆ. ಮೊದಲನೆಯದು, ಈ ವಿಷಯಕ್ಕೆ ಒಳ್ಳೆಯ ಉದಾಹರಣೆಗಳು ನಾವಿರೋ ಇದೇ ಮುಂಬೈಯಲ್ಲಿವೆ. ಎರಡನೆಯದು, ನಮ್ಮಲ್ಲಿ ಎಷ್ಟೋ ಜನ ಶನಿವಾರ ಭಾನುವಾರ ಯಾವುದಾದರೂ ಸಂಘ, ಟ್ರಸ್ಟು, ಮಕ್ಕಳ ಪಾಠ ಅಂತ ಹೋಗ್ತೀವಿ. ಅಲ್ಲಿ ಎಪ್ಪತ್ತು ದಾಟಿದ ಹಿರಿಯರೊಬ್ಬರು ಎಲ್ಲವನ್ನೂ ಹೆಗಲ ಮೇಲೆ ಹೊತ್ತು ನಿಂತಿರ್ತಾರೆ. ಇವರ ನಂತರ ಯಾರು ಅನ್ನೋ ಪ್ರಶ್ನೆ ಎಲ್ಲರ ಮನಸ್ಸಲ್ಲೂ ಇರುತ್ತೆ, ಬಾಯಿ ಬಿಟ್ಟು ಯಾರೂ ಕೇಳಲ್ಲ. ಕೇಳಿದ್ರೆ ಎಲ್ಲಿ ಅವರ ಸಾವಿನ ಮಾತು ಎತ್ತಿದ ಹಾಗಾಗುತ್ತೋ ಅನ್ನೋ ಅಂಜಿಕೆ.

ನಾನು ಎಂ.ಟೆಕ್ ಮುಗಿಸಿ ಕೆಲಸಕ್ಕೆ ಅಂತ ಇಲ್ಲಿಗೆ ಬಂದು ಹನ್ನೊಂದು ವರ್ಷ ಆಯ್ತು. ಆಫೀಸು ಐರೋಲಿ, ಮನೆ ಮುಲುಂಡ್. ಶನಿವಾರ ಮಧ್ಯಾಹ್ನ ಪೂರ್ವ ಉಪನಗರದ ಒಂದು ಸಣ್ಣ ಟ್ರಸ್ಟಿನಲ್ಲಿ ಮಕ್ಕಳಿಗೆ ಗಣಿತ ಹೇಳಿಕೊಡ್ತೀನಿ. ಆ ಟ್ರಸ್ಟಿನ ಹೆಸರು ಹೇಳೋದು ಬೇಡ. ಅದರ ವಿಷಯಕ್ಕೆ ಆಮೇಲೆ ಬರ್ತೀನಿ. ಮೊದಲು ದೊಡ್ಡದೊಂದು ಸಂಸ್ಥೆಯಿಂದ ಶುರು ಮಾಡೋಣ.

ಪ್ರಥಮ್: 1995ರಿಂದ 2015

'ಪ್ರಥಮ್' ಹೆಸರು ನಿಮ್ಮಲ್ಲಿ ಹಲವರು ಕೇಳಿರ್ತೀರಿ. ನಮ್ಮ ಹಳ್ಳಿಗಳಲ್ಲಿ ಐದನೇ ಕ್ಲಾಸಿನ ಎಷ್ಟು ಮಕ್ಕಳಿಗೆ ಎರಡನೇ ಕ್ಲಾಸಿನ ಪಾಠ ಓದಲು ಬರುತ್ತೆ ಅಂತ ಪತ್ರಿಕೆಗಳಲ್ಲಿ ಸುದ್ದಿ ಬರುತ್ತಲ್ಲ, ಆ 'ಅಸರ್' ವರದಿ ಅವರದ್ದು. ಈ ಸಂಸ್ಥೆ ಹುಟ್ಟಿದ್ದು ಮುಂಬೈಯ ಜೋಪಡಪಟ್ಟಿಗಳಲ್ಲಿ, 1995ರಲ್ಲಿ. ಕಟ್ಟಿದವರು ಇಬ್ಬರು, ಮಾಧವ್ ಚವಾಣ್ ಮತ್ತು ಫರೀದಾ ಲಾಂಬೆ. ಫರೀದಾ ಅವರು ನಿರ್ಮಲಾ ನಿಕೇತನ ಸಮಾಜಕಾರ್ಯ ಕಾಲೇಜಿನವರು. ಚವಾಣ್ ರಸಾಯನಶಾಸ್ತ್ರದವರು, ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಮಾಡಿ, ಆ ದೇಶದಲ್ಲೇ ಪಾಠ ಮಾಡಿ, 1980ರ ದಶಕದಲ್ಲಿ ಊರಿಗೆ ವಾಪಸು ಬಂದು ಮಾಟುಂಗಾದ ಯುಡಿಸಿಟಿಯಲ್ಲಿ ಅಧ್ಯಾಪಕರಾದರು. ಬದುಕಿನ ದಾರಿ ನಮ್ಮಲ್ಲಿ ಎಷ್ಟೋ ಜನರ ದಾರಿಯ ಹಾಗೇ ಇದೆ. ಆಮೇಲೆ ಸಾಕ್ಷರತಾ ಆಂದೋಲನಕ್ಕೆ ಇಳಿದರು. ಯುನಿಸೆಫ್ ಮತ್ತು ಮುಂಬೈ ಮಹಾನಗರಪಾಲಿಕೆ ಜೊತೆ ಸೇರಿ ನಗರದ ಬಡ ಮಕ್ಕಳಿಗೆ ಏನಾದರೂ ಮಾಡಬೇಕು ಅನ್ನೋ ಪ್ರಯತ್ನದಿಂದ ಪ್ರಥಮ್ ಶುರುವಾಯಿತು.

ಮೊದಲ ಕೆಲಸ ಬಾಲವಾಡಿ. ಕಟ್ಟಡ ಕಟ್ಟಲಿಲ್ಲ. ಅದೇ ಗಲ್ಲಿಯ ಒಬ್ಬ ಯುವತಿಗೆ ತರಬೇತಿ ಕೊಟ್ಟು, ಅವಳ ಮನೆಯಲ್ಲೋ, ಗುಡಿಯಲ್ಲೋ, ಮಸೀದಿಯ ಪಡಸಾಲೆಯಲ್ಲೋ, ಯಾವುದೋ ಪಕ್ಷದ ಕಚೇರಿಯಲ್ಲೋ, ಜಾಗ ಸಿಕ್ಕ ಕಡೆ ಮಕ್ಕಳನ್ನು ಕೂರಿಸಿ ಕಲಿಸೋದು. ಆಮೇಲೆ 'ಬಾಲಸಖಿ' ಬಂತು. ಪಾಲಿಕೆ ಶಾಲೆಯ ಮೂರು, ನಾಲ್ಕನೇ ಕ್ಲಾಸಿನಲ್ಲಿ ಹಿಂದೆ ಬಿದ್ದ ಹದಿನೈದು ಇಪ್ಪತ್ತು ಮಕ್ಕಳನ್ನು ದಿನಕ್ಕೆ ಎರಡು ಗಂಟೆ ಬೇರೆ ಕೂರಿಸಿ ಅಕ್ಷರ, ಲೆಕ್ಕ ಹೇಳಿಕೊಡೋದು. ಹೇಳಿಕೊಡೋರು ಹೈಸ್ಕೂಲು ಓದಿದ, ಅದೇ ಬಡಾವಣೆಯ ಹೆಣ್ಣುಮಕ್ಕಳು. ಬಿ.ಎಡ್. ಇಲ್ಲ. ಈ ಬಾಲಸಖಿಯನ್ನು ಮುಂಬೈ ಮತ್ತು ವಡೋದರಾದ ಶಾಲೆಗಳಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತವರ ಸಂಗಡಿಗರು ಪರೀಕ್ಷೆಗೆ ಒಡ್ಡಿದರು. ಮಕ್ಕಳ ಕಲಿಕೆ ನಿಜವಾಗಿಯೂ ಸುಧಾರಿಸುತ್ತೆ ಅಂತ ಗೊತ್ತಾಯಿತು. 2007ರಲ್ಲಿ ಆ ಪ್ರಬಂಧ ಪ್ರಕಟವಾಯಿತು. 2019ರಲ್ಲಿ ಅವರಿಬ್ಬರಿಗೂ ಮೈಕೆಲ್ ಕ್ರೆಮರ್ ಜೊತೆ ನೊಬೆಲ್ ಬಂದದ್ದು ನಿಮಗೆ ಗೊತ್ತೇ ಇದೆ. ಹೈಸ್ಕೂಲು ಓದಿದ ಈ ಹೆಣ್ಣುಮಕ್ಕಳನ್ನು ನೆನಪಲ್ಲಿಡಿ. ಮುಂದೆ ಅವರ ಮಾತು ಬರುತ್ತೆ.

ಈಗ ಉತ್ತರಾಧಿಕಾರಿಯ ಕಥೆ. ರುಕ್ಮಿಣಿ ಬ್ಯಾನರ್ಜಿ ಬಿಹಾರದಲ್ಲಿ ಬೆಳೆದವರು. ಆಕ್ಸ್‌ಫರ್ಡಿನಲ್ಲಿ ಓದಿ, ಶಿಕಾಗೊ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಮಾಡಿ, ಅಲ್ಲೇ ಶಿಕ್ಷಣ ಸಂಶೋಧನೆಗೆ ಹಣ ಕೊಡುವ ಒಂದು ಪ್ರತಿಷ್ಠಾನದಲ್ಲಿ ಕೆಲಸ ಮಾಡುತ್ತಿದ್ದರು. 1996ರಲ್ಲಿ ಪ್ರಥಮ್ ಸೇರಿದರು. ಆಗ ಸಂಸ್ಥೆ ಶುರುವಾಗಿ ಹೆಚ್ಚು ಕಾಲ ಆಗಿರಲಿಲ್ಲ. ಸಿಇಒ ಆಗಿದ್ದು 2015ರಲ್ಲಿ. ನಡುವೆ ಹತ್ತೊಂಬತ್ತು ವರ್ಷ.

ಈ ಹತ್ತೊಂಬತ್ತು ವರ್ಷದಲ್ಲಿ ಏನಾಯ್ತು ಅನ್ನೋದರಲ್ಲೇ ಇವತ್ತಿನ ನನ್ನ ಮಾತೆಲ್ಲ ಇದೆ. 2005ರಲ್ಲಿ ಅಸರ್ ಶುರುವಾಯಿತು. ದೇಶದ ಹೆಚ್ಚುಕಡಿಮೆ ಎಲ್ಲ ಗ್ರಾಮೀಣ ಜಿಲ್ಲೆಗಳಲ್ಲಿ, ಸ್ಥಳೀಯ ಕಾಲೇಜು ವಿದ್ಯಾರ್ಥಿಗಳು, ಸ್ವಯಂಸೇವಕರು ಮನೆಮನೆಗೆ ಹೋಗಿ, ಮಗುವಿನ ಕೈಗೆ ಒಂದು ಹಾಳೆ ಕೊಟ್ಟು ಓದಿಸೋದು. ಆ ಹಾಳೆಯಲ್ಲಿ ಅಕ್ಷರ, ಪದ, ಒಂದು ಸಣ್ಣ ಪ್ಯಾರಾ, ಒಂದು ಸಣ್ಣ ಕಥೆ, ಇಷ್ಟೇ. ಓದಲು ಬಂದರೆ ಬಂತು, ಬರದಿದ್ದರೆ ಇಲ್ಲ. ಕರ್ನಾಟಕದಲ್ಲಿ ಅದೇ ಹಾಳೆ ಕನ್ನಡದಲ್ಲಿರುತ್ತೆ. ಕೇಳೋಕೆ ಸರಳ, ಆದರೆ ಇಡೀ ದೇಶದ ಶಿಕ್ಷಣದ ಚರ್ಚೆ ಬದಲಾಗಿದ್ದು ಇದರಿಂದ. ಶಾಲೆಗೆ ಎಷ್ಟು ಮಕ್ಕಳು ಸೇರಿದ್ದಾರೆ ಅನ್ನೋ ಪ್ರಶ್ನೆಯ ಜೊತೆಗೆ, ಸೇರಿದವರು ಏನು ಕಲಿತಿದ್ದಾರೆ ಅನ್ನೋ ಪ್ರಶ್ನೆಯನ್ನೂ ಎಲ್ಲರೂ ಕೇಳತೊಡಗಿದರು. ಈ ಕೆಲಸವನ್ನು ವರ್ಷಗಟ್ಟಲೆ ಮುನ್ನಡೆಸಿದವರು ರುಕ್ಮಿಣಿ ಬ್ಯಾನರ್ಜಿ. ಪತ್ರಿಕೆಯವರು ಪ್ರಶ್ನೆ ಕೇಳಿದಾಗ ಉತ್ತರ ಕೊಟ್ಟವರೂ, ರಾಜ್ಯ ಸರ್ಕಾರಗಳ ಅಧಿಕಾರಿಗಳ ಮುಂದೆ ಕೂತು ಅಂಕಿ ಅಂಶ ವಿವರಿಸಿದವರೂ ಅವರೇ.

ಅಂದ್ರೆ 2015ರಲ್ಲಿ ಹುದ್ದೆ ಕೈ ಬದಲಾದಾಗ, ಹೊರಗಿನವರಿಗೆ ಅವರು ಹೊಸಬರಾಗಿರಲಿಲ್ಲ. ಒಳಗಿನವರಿಗಂತೂ ಅಲ್ಲವೇ ಅಲ್ಲ. ಸ್ಥಾಪಕರು ಇದ್ದಾಗಲೇ, ಅವರ ಕಣ್ಣೆದುರಿಗೇ, ಸಂಸ್ಥೆಯ ದೊಡ್ಡ ಕೆಲಸವೊಂದು ಇನ್ನೊಬ್ಬರ ಹೆಸರಿನಲ್ಲಿ ಬೆಳೆದಿತ್ತು. ಇದನ್ನ ಬಿಟ್ಟುಕೊಡೋಕೆ ಸ್ಥಾಪಕರಿಗೆ ಮನಸ್ಸು ಬೇಕು. ಎಷ್ಟೋ ಕಡೆ ಕೆಲಸ ಇನ್ನೊಬ್ಬರು ಮಾಡ್ತಾರೆ, ವೇದಿಕೆ ಮೇಲೆ ಸ್ಥಾಪಕರೇ ಮಾತಾಡ್ತಾರೆ. ಹಾಗಾದರೆ ಕೆಲಸ ಕೈ ಬದಲಾಯಿಸುತ್ತೆ, ವಿಶ್ವಾಸ ಬದಲಾಯಿಸಲ್ಲ.

ಇನ್ನೊಂದು ವಿಷಯ. ಚವಾಣ್ ಸಂಸ್ಥೆಯಿಂದ ಮಾಯವಾಗಲಿಲ್ಲ. ಆಡಳಿತ ಮಂಡಳಿಯಲ್ಲಿ ಉಳಿದರು. ಫರೀದಾ ಲಾಂಬೆ ಅವರ ನಂಟೂ ಉಳಿಯಿತು. ರುಕ್ಮಿಣಿ ಸಿಇಒ ಆದ ಮೇಲೆ ಅಸರ್ ಕೇಂದ್ರದ ನಿರ್ದೇಶಕಿಯ ಜಾಗಕ್ಕೆ ವಿಲಿಮಾ ವಾಧ್ವಾ ಬಂದರು. ಉತ್ತರಾಧಿಕಾರಿ ಮೇಲಕ್ಕೆ ಹೋಗುವಾಗ ತನ್ನ ಹಳೆಯ ಕುರ್ಚಿಯನ್ನೂ ಬಿಟ್ಟುಕೊಡಬೇಕು ನೋಡಿ. ಇಲ್ಲದಿದ್ದರೆ ಎರಡು ಕುರ್ಚಿಯ ಮೇಲೆ ಒಬ್ಬರೇ ಕೂತ ಹಾಗಾಗುತ್ತೆ. 2021ರಲ್ಲಿ ರುಕ್ಮಿಣಿ ಅವರಿಗೆ ಯಿಡಾನ್ ಪ್ರಶಸ್ತಿ ಬಂತು. ಅದಕ್ಕೂ ಮೊದಲು 2012ರಲ್ಲಿ ಚವಾಣ್ ಅವರಿಗೆ ವೈಸ್ ಪ್ರಶಸ್ತಿ ಬಂದಿತ್ತು. ಸ್ಥಾಪಕರಿಗೂ ಜಗತ್ತಿನ ಮನ್ನಣೆ ಸಿಕ್ಕಿತು, ನಂತರ ಬಂದವರಿಗೂ ಸಿಕ್ಕಿತು, ಎರಡೂ ಅದೇ ಕೆಲಸಕ್ಕೆ.

ಹೊರಗಿನಿಂದ ಬಂದರೆ ಆಗಲ್ವಾ?

ಹಾಗಾದರೆ ಒಳಗೇ ಬೆಳೆದವರು ಮಾತ್ರ ಮುನ್ನಡೆಸಬೇಕಾ? ಹಾಗೇನಿಲ್ಲ. ಅದಕ್ಕೂ ಮುಂಬೈಯಲ್ಲೇ ಉದಾಹರಣೆ ಇದೆ.

ಸಯನ್ ಆಸ್ಪತ್ರೆ ಗೊತ್ತಲ್ಲ, ಧಾರಾವಿ ಪಕ್ಕದಲ್ಲಿ. ಅಲ್ಲಿ ನವಜಾತ ಶಿಶುಗಳ ತಜ್ಞೆಯಾಗಿದ್ದು, ಮುಂದೆ ಡೀನ್ ಆದವರು ಡಾ. ಅರ್ಮಿಡಾ ಫರ್ನಾಂಡಿಸ್. 1989ರಲ್ಲಿ ಅಲ್ಲಿ ತಾಯಂದಿರ ಎದೆಹಾಲಿನ ಬ್ಯಾಂಕ್ ಶುರು ಮಾಡಿದರು. ಏಷ್ಯಾದಲ್ಲೇ ಮೊದಲನೆಯದು ಅಂತ ಅದಕ್ಕೆ ಹೆಸರು. ಆಸ್ಪತ್ರೆಗೆ ಬರುವ ಹೊತ್ತಿಗೆ ಮಗು ಕೈ ಮೀರಿರುತ್ತೆ, ಕೆಲಸ ಆಗಬೇಕಾದ್ದು ಬಸ್ತಿಯಲ್ಲಿ ಅನ್ನೋದು ಅವರಿಗೆ ಕಂಡಿತು. 1999ರಲ್ಲಿ 'ಸ್ನೇಹಾ' ಅನ್ನೋ ಸಂಸ್ಥೆ ಕಟ್ಟಿದರು. ತಾಯಿ ಮಕ್ಕಳ ಆರೋಗ್ಯ, ಪೌಷ್ಟಿಕತೆ, ಮನೆಯೊಳಗೆ ಹೆಂಗಸರ ಮೇಲಾಗುವ ಹಿಂಸೆ, ಇವು ಅವರ ಕೆಲಸ.

2013ರಲ್ಲಿ ಸ್ನೇಹಾದ ಸಿಇಒ ಆದವರು ವನೆಸಾ ಡಿಸೋಜಾ. ಅವರು ಡಾಕ್ಟರಲ್ಲ. ಸಿಟಿಬ್ಯಾಂಕಿನಲ್ಲಿ ಬಹಳ ಕಾಲ ಕೆಲಸ ಮಾಡಿ ಬಂದವರು. ಒಬ್ಬ ಶಿಶುತಜ್ಞೆ ಕಟ್ಟಿದ ಆರೋಗ್ಯ ಸಂಸ್ಥೆಯನ್ನು ಬ್ಯಾಂಕಿನವರು ನಡೆಸಬಹುದಾ ಅಂದ್ರೆ, ನಡೆಸಿ ತೋರಿಸಿದರು. ಇಲ್ಲಿ ವೈದ್ಯಕೀಯ ಜ್ಞಾನ ಸಂಸ್ಥೆಯೊಳಗೆ ಆಗಲೇ ಬೇರೂರಿತ್ತು. ಬೇಕಾಗಿದ್ದದ್ದು ವ್ಯವಸ್ಥೆ, ಲೆಕ್ಕ, ದೊಡ್ಡ ತಂಡವನ್ನು ನಡೆಸುವ ಅಭ್ಯಾಸ ಅಂತ ನನ್ನ ಊಹೆ.

ಡಾ. ಫರ್ನಾಂಡಿಸ್ ಮುಂದೆ ಉಪಶಮನ ಆರೈಕೆಗೆ, ಅಂದ್ರೆ ವಾಸಿಯಾಗದ ಕಾಯಿಲೆಯವರ ನೋವು ಕಡಿಮೆ ಮಾಡುವ ಕೆಲಸಕ್ಕೆ ಹೊರಳಿದರು. ಇದು ನನಗೆ ಮುಖ್ಯ ಅನ್ನಿಸುತ್ತೆ. ಬಿಟ್ಟುಕೊಟ್ಟವರಿಗೆ ಹೋಗೋಕೆ ಒಂದು ಜಾಗ ಇರಬೇಕು. ಶಾಹೀನ್ ಮಿಸ್ತ್ರಿ ಕಾಲೇಜು ಓದುವಾಗಲೇ ಮುಂಬೈಯಲ್ಲಿ 'ಆಕಾಂಕ್ಷಾ' ಶುರು ಮಾಡಿದವರು, 2008ರಲ್ಲಿ 'ಟೀಚ್ ಫಾರ್ ಇಂಡಿಯಾ' ಕಟ್ಟೋಕೆ ಹೊರಟರು. ಆಕಾಂಕ್ಷಾ ಬೇರೆಯವರ ಕೈಯಲ್ಲಿ ನಡೆದುಕೊಂಡು ಹೋಯಿತು. ಬೆಳಗ್ಗೆ ಎದ್ದು ಹೋಗೋಕೆ ಬೇರೆ ಕೆಲಸ ಇಲ್ಲದವರಿಗೆ ಕುರ್ಚಿ ಬಿಡಿ ಅಂದ್ರೆ ಬಿಡೋದು ಕಷ್ಟ. ಅದು ದುರಾಸೆ ಅಂತ ನಾವು ಸುಲಭವಾಗಿ ಅಂದುಬಿಡ್ತೀವಿ. ಎಷ್ಟೋ ಸಲ ಅದು ಬರೀ ಖಾಲಿತನದ ಭಯ.

ಬೆಂಗಳೂರಿನಿಂದ ಒಂದು ಉದಾಹರಣೆ. 2004ರಲ್ಲಿ ಶುರುವಾದ ಪ್ರಥಮ್ ಬುಕ್ಸ್‌ನ ಸ್ಥಾಪಕರಲ್ಲಿ ರೋಹಿಣಿ ನಿಲೇಕಣಿ ಒಬ್ಬರು. ಹತ್ತು ವರ್ಷದ ನಂತರ, 2014ರಲ್ಲಿ ಅಧ್ಯಕ್ಷ ಸ್ಥಾನ ಬಿಟ್ಟರು. ಸುಝಾನ್ ಸಿಂಗ್ ಆ ಜಾಗಕ್ಕೆ ಬಂದರು. ಮರುವರ್ಷವೇ, 2015ರಲ್ಲಿ, 'ಸ್ಟೋರಿವೀವರ್' ಬಂತು. ನಿಮ್ಮ ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಆ ತಾಣದಲ್ಲಿ ಕನ್ನಡ ಕಥೆ ಓದಿಸಿರಬಹುದು. ದುಡ್ಡಿಲ್ಲದೆ ಓದಬಹುದು, ಯಾರು ಬೇಕಾದರೂ ತಮ್ಮ ಭಾಷೆಗೆ ಅನುವಾದಿಸಬಹುದು. ಸ್ಥಾಪಕರು ಕುರ್ಚಿ ಬಿಟ್ಟ ತಕ್ಷಣ ಸಂಸ್ಥೆ ಸೊರಗುತ್ತೆ ಅನ್ನೋರಿಗೆ ಇದನ್ನ ಹೇಳಬಹುದು. ಹಾಗೇ 'ಎಜುಕೇಟ್ ಗರ್ಲ್ಸ್'. ಸಫೀನಾ ಹುಸೇನ್ 2007ರಲ್ಲಿ ಕಟ್ಟಿದ್ದು, ಶಾಲೆ ಬಿಟ್ಟ ಹೆಣ್ಣುಮಕ್ಕಳನ್ನು ಮತ್ತೆ ಶಾಲೆಗೆ ಸೇರಿಸುವ ಕೆಲಸ. 2025ರಲ್ಲಿ ಅದಕ್ಕೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ಸಿಇಒ ಆಗಿದ್ದವರು ಗಾಯತ್ರಿ ನಾಯರ್ ಲೋಬೊ, ಸ್ಥಾಪಕಿ ಅಲ್ಲ. ಪ್ರಶಸ್ತಿ ಬಂದದ್ದು ಸಂಸ್ಥೆಯ ಹೆಸರಿಗೆ.

ಪೈಥಾನ್ ಕಥೆ

ನಮ್ಮ ಕ್ಷೇತ್ರದಿಂದಲೂ ಒಂದು ಹೇಳಿಬಿಡ್ತೀನಿ. ಪೈಥಾನ್ ಭಾಷೆಯನ್ನು ಹುಟ್ಟುಹಾಕಿದ ಗೀಡೊ ವಾನ್ ರಾಸಮ್, ಸುಮಾರು ಮೂರು ದಶಕ ಅದರ ಕೊನೆಯ ಮಾತು ತಮ್ಮದೇ ಆಗಿಟ್ಟುಕೊಂಡಿದ್ದವರು, 2018ರ ಜುಲೈನಲ್ಲಿ ಆ ಸ್ಥಾನ ಬಿಟ್ಟರು. ವಾಲ್ರಸ್ ಆಪರೇಟರ್ ಬೇಕೋ ಬೇಡವೋ ಅಂತ ನಡೆದ ಜಗಳದಲ್ಲಿ ಬೇಸತ್ತಿದ್ದರು. ನನ್ನ ನಂತರ ಇಂಥವರು ಅಂತ ಯಾರ ಹೆಸರನ್ನೂ ಸೂಚಿಸಲಿಲ್ಲ. ನೀವೇ ನೋಡಿಕೊಳ್ಳಿ ಅಂದರು.

ಆಗ ಏನಾಯ್ತು? ಡೆವಲಪರ್‌ಗಳು ತಿಂಗಳುಗಟ್ಟಲೆ ಚರ್ಚೆ ಮಾಡಿ, ಬೇರೆ ಬೇರೆ ಆಡಳಿತ ಪದ್ಧತಿಗಳನ್ನು ಬರೆದು, ಮತ ಹಾಕಿ, ಐದು ಜನರ ಸಮಿತಿ ಇರಲಿ ಅಂತ ತೀರ್ಮಾನಿಸಿದರು. 2019ರ ಆರಂಭದಲ್ಲಿ ಮೊದಲ ಸಮಿತಿ ಆಯ್ಕೆಯಾಯಿತು. ಗೀಡೊ ಕೂಡ ಅದರಲ್ಲಿ ಐವರಲ್ಲಿ ಒಬ್ಬರಾಗಿ ಗೆದ್ದು ಬಂದರು.

ಇದು ನಡೆಯಿತು, ಯಾಕಂದ್ರೆ ಅಲ್ಲಿ ಪ್ರತಿಯೊಂದು ತೀರ್ಮಾನವೂ ಬರಹದಲ್ಲಿತ್ತು. ಯಾವ ಬದಲಾವಣೆ ಯಾಕೆ ಆಯ್ತು, ಯಾರು ವಿರೋಧಿಸಿದರು ಅನ್ನೋದೆಲ್ಲ ಯಾರು ಬೇಕಾದರೂ ಓದಬಹುದಿತ್ತು. ಜೊತೆಗೆ, ಕೋಡ್ ಸೇರಿಸುವ ಹಕ್ಕು ಹತ್ತಾರು ಜನರ ಕೈಯಲ್ಲಿತ್ತು. ನಮ್ಮ ಸಣ್ಣ ಟ್ರಸ್ಟುಗಳಲ್ಲಿ ಇವೆರಡೂ ಇರಲ್ಲ. ನಾವು ಆಫೀಸಲ್ಲಿ 'ಬಸ್ ಫ್ಯಾಕ್ಟರ್' ಅಂತ ಹೇಳ್ತೀವಲ್ಲ, ಎಷ್ಟು ಜನ ಒಮ್ಮೆಲೇ ಇಲ್ಲವಾದರೆ ಪ್ರಾಜೆಕ್ಟ್ ನಿಂತುಹೋಗುತ್ತೆ ಅನ್ನೋ ಲೆಕ್ಕ. ಹೆಚ್ಚಿನ ಸೇವಾ ಸಂಸ್ಥೆಗಳಲ್ಲಿ ಆ ಸಂಖ್ಯೆ ಒಂದು.

ನಾನು ಹೋಗೋ ಟ್ರಸ್ಟು

ಈಗ ನಮ್ಮ ಟ್ರಸ್ಟಿನ ವಿಷಯ. ಎರಡು ಬಾಡಿಗೆ ಕೋಣೆ, ಅರವತ್ತು ಮಕ್ಕಳು, ಐವರು ಟೀಚರ್‌ಗಳು. ಮಕ್ಕಳಲ್ಲಿ ಹೆಚ್ಚಿನವರು ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಹಿಂದಿ, ಶಾಲೆಯಲ್ಲಿ ಮರಾಠಿ. ಕಟ್ಟಿದವರು ಉತ್ತರ ಕನ್ನಡದವರು, ಬ್ಯಾಂಕಿನಿಂದ ನಿವೃತ್ತರು, ಎಪ್ಪತ್ನಾಲ್ಕು ವಯಸ್ಸು. ನಾವೆಲ್ಲ ಅವರನ್ನ 'ಸರ್' ಅಂತೀವಿ.

ಎರಡು ವರ್ಷದ ಹಿಂದೆ ಸರ್‌ಗೆ ಬೈಪಾಸ್ ಆಯ್ತು. ಚೆಕ್ಕಿಗೆ ಮೂವರು ಟ್ರಸ್ಟಿಗಳಲ್ಲಿ ಇಬ್ಬರ ಸಹಿ ಬೇಕು. ಒಬ್ಬರು ತೀರಿಕೊಂಡು ನಾಲ್ಕು ವರ್ಷ ಆಗಿತ್ತು. ಇನ್ನೊಬ್ಬರು ಮಗನ ಜೊತೆ ಅಮೆರಿಕದಲ್ಲಿ. ಸರ್ ಐಸಿಯುನಲ್ಲಿ. ಖಾತೆಯಲ್ಲಿ ಹಣ ಇದೆ, ತೆಗೆಯೋಕೆ ಆಗಲ್ಲ. ಎರಡು ತಿಂಗಳು ಸಂಬಳ ಆಗಲಿಲ್ಲ. ಬಾಡಿಗೆ ನಿಂತಿತು, ಕೋಣೆ ಖಾಲಿ ಮಾಡಿ ಅಂತ ಮಾಲೀಕರು ಹೇಳಿದರು. ಆಗ ಅಲ್ಲಿ ಎಂಟು ವರ್ಷದಿಂದ ಪಾಠ ಮಾಡ್ತಿರೋ ಒಬ್ಬ ಟೀಚರ್, ವಿಜಯಪುರ ಕಡೆಯವರು, ತಮ್ಮ ಚೀಟಿ ಹಣ ಎತ್ತಿ ಬಾಡಿಗೆ ಕಟ್ಟಿದರು. ಯಾಕೆ ನೀವು ಕಟ್ಟಿದಿರಿ ಅಂತ ನಾನು ಕೇಳಿದ್ದಕ್ಕೆ, "ಸರ್ ಬರೂತನಾ ಮಕ್ಕಳನ್ನ ಎಲ್ಲಿ ಕುಂದ್ರಸ್ಲಿರಿ?" ಅಂದರು.

ಸರ್ ಗುಣವಾಗಿ ಬಂದ ಮೇಲೆ ಹಿತೈಷಿಗಳ ಸಭೆ ಕರೆದರು. ಮುಂದೆ ಯಾರು ಅನ್ನೋ ಮಾತು ಮೊದಲ ಸಲ ಬಾಯಿಗೆ ಬಂತು. ಎಲ್ಲರೂ ನನ್ನ ಕಡೆ ನೋಡಿದರು. "ನಿಮಗೆ ಕಂಪ್ಯೂಟರ್ ಗೊತ್ತು, ಇಂಗ್ಲಿಷ್ ಬರುತ್ತೆ, ಕಂಪನಿಗಳ ಹತ್ತಿರ ಸಿಎಸ್ಆರ್ ಹಣ ಕೇಳಬಲ್ಲಿರಿ" ಅಂದರು. ನಾನು ಬೇಡ ಅಂದೆ. ನಾನು ಬರೋದು ಶನಿವಾರ ಮೂರು ಗಂಟೆ. ನಾಳೆ ಪುಣೆಗೋ ಹೈದರಾಬಾದಿಗೋ ವರ್ಗ ಆದರೆ ಅದೂ ಇಲ್ಲ. ಟೀಚರ್ ಹೆಸರು ಹೇಳಿದೆ. ಸಭೆ ಸುಮ್ಮನಾಯಿತು. ಆಮೇಲೆ ಒಬ್ಬರು, "ಆಕೆ ಓದಿರೋದು ಪಿಯುಸಿ ಅಷ್ಟೇ ಅಲ್ವಾ" ಅಂದರು.

ನನಗೆ ಅಲ್ಲಿ ನೆನಪಾಗಿದ್ದು ಬಾಲಸಖಿಯರು. ಪ್ರಥಮ್ ಇಷ್ಟು ದೊಡ್ಡದಾಗಿ ಬೆಳೆದದ್ದು ಹೈಸ್ಕೂಲು ಓದಿದ ಹೆಣ್ಣುಮಕ್ಕಳ ಮೇಲೆ ನಂಬಿಕೆ ಇಟ್ಟು. ಅಲ್ಲಿ ಪರೀಕ್ಷೆ ಮಾಡಿ ನೋಡಿದಾಗ ಆ ನಂಬಿಕೆ ಸುಳ್ಳಾಗಲಿಲ್ಲ. ನಮ್ಮ ಟ್ರಸ್ಟಿನ ಪಾಠವೂ ನಡೀತಿದ್ದದ್ದು ಅಂಥವರಿಂದಲೇ. ಪಾಠಕ್ಕೆ ಆಗುವವರು ತೀರ್ಮಾನಕ್ಕೆ ಯಾಕೆ ಆಗಲ್ಲ ಅಂತ ಕೇಳಿದೆ. ಉತ್ತರ ಕೊಟ್ಟಿದ್ದು ಸರ್. "ನೋಡೋಣ, ಒಂದು ವರ್ಷ ಜೊತೆಗೆ ನಡೆಸೋಣ" ಅಂದರು.

ಮೊದಲು ಕಾಗದ ಪತ್ರ. ಮಹಾರಾಷ್ಟ್ರದಲ್ಲಿ ಟ್ರಸ್ಟಿಗಳು ಬದಲಾದರೆ, ತೀರಿಕೊಂಡರೂ ಸರಿ ರಾಜೀನಾಮೆ ಕೊಟ್ಟರೂ ಸರಿ, 1950ರ ಪಬ್ಲಿಕ್ ಟ್ರಸ್ಟ್ಸ್ ಕಾಯಿದೆಯ 22ನೇ ಸೆಕ್ಷನ್ ಪ್ರಕಾರ 90 ದಿನದೊಳಗೆ ಧರ್ಮಾದಾಯ ಆಯುಕ್ತರ ಕಚೇರಿಗೆ 'ಚೇಂಜ್ ರಿಪೋರ್ಟ್' ಕೊಡಬೇಕು. ನಮ್ಮಲ್ಲಿ ನಾಲ್ಕು ವರ್ಷದಿಂದ ಕೊಟ್ಟಿರಲಿಲ್ಲ. ತಡವಾದದ್ದಕ್ಕೆ ಕಾರಣ ಬರೆದು, ವಕೀಲರನ್ನು ಹಿಡಿದು, ವರ್ಲಿಗೆ ಅಲೆದು ಅದನ್ನ ಸಲ್ಲಿಸಿದ್ದಾಯ್ತು. ಟೀಚರ್ ಟ್ರಸ್ಟಿಯಾದರು. ಆಮೇಲೆ ಬ್ಯಾಂಕಿನ ಸಹಿ, ಆದಾಯ ತೆರಿಗೆಯ 12ಎ, 80ಜಿ ಖಾತೆಯ ಲಾಗಿನ್, ಸರ್ ಫೋನಿಗೇ ಬರುತ್ತಿದ್ದ ಎಲ್ಲ ಓಟಿಪಿಗಳು, ಒಂದೊಂದಾಗಿ ಬದಲಾದವು. ವಿದೇಶದಿಂದ ದೇಣಿಗೆ ಪಡೆಯುವ ಟ್ರಸ್ಟಾದರೆ ಎಫ್‌ಸಿಆರ್‌ಎ ಪ್ರಕಾರ ಪದಾಧಿಕಾರಿಗಳ ಬದಲಾವಣೆಯನ್ನು ಗೃಹ ಸಚಿವಾಲಯಕ್ಕೂ ತಿಳಿಸಬೇಕು. ನಮಗೆ ಆ ತಾಪತ್ರಯ ಇರಲಿಲ್ಲ.

ನಾನು ಮಾಡಿದ್ದು ಒಂದೇ ಕೆಲಸ. ಸರ್ ತಲೆಯಲ್ಲಿದ್ದದ್ದನ್ನ ಒಂದು ನೋಟ್‌ಬುಕ್ಕಿಗೆ ಇಳಿಸಿದೆ. ಯಾವ ದಾನಿಗೆ ಯಾವ ತಿಂಗಳು ಫೋನ್ ಮಾಡಬೇಕು, ಯಾರಿಗೆ ರಸೀದಿ ಜೊತೆ ಮಕ್ಕಳ ಅಂಕಪಟ್ಟಿ ಕಳಿಸಿದರೆ ಖುಷಿ, ವಾರ್ಡ್ ಕಚೇರಿಯಲ್ಲಿ ಯಾರನ್ನ ಕೇಳಿದರೆ ಕೆಲಸ ಆಗುತ್ತೆ, ಮಾಲೀಕರ ಜೊತೆ ಬಾಡಿಗೆ ಮಾತು ಹೇಗೆ ಆಗಿತ್ತು. ಎಂಟು ಶನಿವಾರ ಹಿಡಿಯಿತು. ಕನ್ನಡದಲ್ಲೇ ಬರೆದೆ, ಟೀಚರ್ ಓದಬೇಕಲ್ಲ. ಆಮೇಲೆ ಸರ್ ಟೀಚರನ್ನ ಜೊತೆಗೆ ಕರ್ಕೊಂಡು ಹೋಗಿ ಒಬ್ಬೊಬ್ಬ ದಾನಿಯನ್ನೂ ಭೇಟಿ ಮಾಡಿಸಿದರು. ಮೊದಲ ಎರಡು ಮನೆಯಲ್ಲಿ ಸರ್ ಮಾತಾಡಿದರಂತೆ. ಮೂರನೇ ಮನೆಯಿಂದ ಸುಮ್ಮನೆ ಚಹಾ ಕುಡೀತಾ ಕೂತರಂತೆ.

ಆದರೆ ಅಧಿಕಾರ ನಿಜವಾಗಿ ಕೈ ಬದಲಾಗಿದ್ದು ಇದ್ಯಾವುದರಿಂದಲೂ ಅಲ್ಲ. ಕಳೆದ ವರ್ಷ ಟೀಚರ್ ಒಂದು ತೀರ್ಮಾನ ತಗೊಂಡರು. ಎರಡು ಕೋಣೆಗಳಲ್ಲಿ ಒಂದನ್ನು ಬಿಟ್ಟು, ಆ ಬಾಡಿಗೆಯಲ್ಲಿ ಕಾರ್ಮಿಕರ ಶೆಡ್ಡುಗಳ ಹತ್ತಿರವೇ ಒಂದು ಸಣ್ಣ ಜಾಗ ಹಿಡಿಯೋದು ಅಂತ. ಸಂಜೆ ಕತ್ತಲಾದ ಮೇಲೆ ಹೆದ್ದಾರಿ ದಾಟಿ ಬರೋಕೆ ಸಣ್ಣ ಹೆಣ್ಣುಮಕ್ಕಳನ್ನ ತಾಯಂದಿರು ಕಳಿಸ್ತಿರಲಿಲ್ಲ. ಬಿಡಬೇಕು ಅಂದ ಕೋಣೆ ಸರ್ ಮೊದಲು ಶುರು ಮಾಡಿದ ಕೋಣೆ. ಗೋಡೆ ಮೇಲಿನ ವರ್ಣಮಾಲೆ ಅವರ ಕೈಬರಹದ್ದು. ಅವರಿಗೆ ಇಷ್ಟ ಇರಲಿಲ್ಲ. ನನಗೆ ಫೋನ್ ಮಾಡಿ, "ನೀವು ಒಂದು ಮಾತು ಆಕೆಗೆ ಹೇಳಿ ನೋಡಿ" ಅಂದರು. "ಸರ್, ನೀವೇ ಹೇಳಿ, ನೀವು ಹೇಳಿದರೆ ಆಕೆ ಕೇಳ್ತಾರೆ. ಆದರೆ ಆಮೇಲೆ ಪ್ರತಿ ಸಲವೂ ನಿಮ್ಮನ್ನೇ ಕೇಳ್ತಾರೆ" ಅಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಫೋನ್ ಇಟ್ಟರು. ಟೀಚರ್‌ಗೆ ಏನೂ ಹೇಳಲಿಲ್ಲ. ಕೋಣೆ ಬಿಟ್ಟದ್ದಾಯ್ತು.

ಹೊಸ ಜಾಗಕ್ಕೆ ಬಂದು ಹದಿನಾಲ್ಕು ತಿಂಗಳಾಯ್ತು. ಸಂಜೆ ಹೆಣ್ಣುಮಕ್ಕಳು ಬರ್ತಿದ್ದಾರೆ. ಹಣದ ಚಿಂತೆ ಹಾಗೇ ಇದೆ. ಇಬ್ಬರು ಹಳೆಯ ದಾನಿಗಳು ಸರ್ ಇಲ್ಲ ಅಂತ ನಿಲ್ಲಿಸಿದರು, ಒಬ್ಬರು ಹೊಸಬರು ಸಿಕ್ಕರು. ಚೆನ್ನಾಗಿ ಆಗಿಬಿಡ್ತು ಅಂತ ಹೇಳೋ ಕಥೆ ಇದಲ್ಲ, ಇನ್ನೂ ನಡೀತಿದೆ.

ನಮ್ಮ ಪಾಲು

ಇದರಿಂದ ನನಗೆ ಅನ್ನಿಸಿದ್ದು ಇಷ್ಟು. ಹುದ್ದೆಯನ್ನು ಒಂದು ದಿನದಲ್ಲಿ ಕೊಡಬಹುದು, ಹಾರ ಹಾಕಿ ಫೋಟೊ ತೆಗೆದರೆ ಮುಗೀತು. ತೀರ್ಮಾನದ ಹಕ್ಕನ್ನು ಮಾತ್ರ ವರ್ಷಗಟ್ಟಲೆ, ಸ್ವಲ್ಪಸ್ವಲ್ಪವಾಗಿ ಕೊಡಬೇಕಾಗುತ್ತೆ. ಸ್ಥಾಪಕರಿಗೆ ಒಪ್ಪಿಗೆ ಇಲ್ಲದ ತೀರ್ಮಾನವೊಂದು ಅವರ ಕಣ್ಣೆದುರಿಗೆ ಜಾರಿಯಾಗಿ, ಅವರು ಸುಮ್ಮನಿದ್ದ ದಿನ, ಅದು ನಿಜವಾಗಿ ಕೈ ಬದಲಾಯಿಸಿದ ದಿನ. ಪ್ರಥಮ್‌ನಲ್ಲಿ 1996ರಿಂದ 2015ರವರೆಗೆ ಅಂಥ ದಿನಗಳು ಎಷ್ಟು ಬಂದಿರಬಹುದು ಯೋಚನೆ ಮಾಡಿ.

ಈಗ ನಮ್ಮ ಕಡೆ ನೋಡೋಣ. ಮುಂಬೈ ಕನ್ನಡಿಗರು ಸಂಸ್ಥೆ ಕಟ್ಟೋದರಲ್ಲಿ ಹಿಂದೆ ಬಿದ್ದವರಲ್ಲ. ಮೊಗವೀರ ವ್ಯವಸ್ಥಾಪಕ ಮಂಡಳಿ ಹುಟ್ಟಿದ್ದು 1902ರಲ್ಲಿ. ಮಾಟುಂಗಾದ ಮೈಸೂರು ಅಸೋಸಿಯೇಷನ್ 1926ರಲ್ಲಿ, ಮಾಹೀಮಿನ ಕರ್ನಾಟಕ ಸಂಘ 1933ರಲ್ಲಿ. ಇವುಗಳನ್ನ ಕಟ್ಟಿದವರು ಯಾರೂ ಇವತ್ತಿಲ್ಲ, ಸಂಸ್ಥೆಗಳು ಇವೆ. ನೂರು ವರ್ಷ ಬಾಳಿದ ಸಂಸ್ಥೆ ಅಂದ್ರೆ ಕನಿಷ್ಠ ನಾಲ್ಕೈದು ಸಲ ಕೈ ಬದಲಾಯಿಸಿದ ಸಂಸ್ಥೆ ಅಂತ ಅರ್ಥ. ಹೋಟೆಲಿನಲ್ಲಿ, ಗಿರಣಿಯಲ್ಲಿ, ಬ್ಯಾಂಕಿನಲ್ಲಿ ದುಡಿದು, ಉಳಿದ ಹೊತ್ತಿನಲ್ಲಿ ಇದನ್ನ ಮಾಡಿದ ತಲೆಮಾರುಗಳು ಅವು. ಒಬ್ಬ ಸ್ಥಾಪಕರ ಸುತ್ತ ನಿಂತ ಇವತ್ತಿನ ಸಣ್ಣ ಟ್ರಸ್ಟುಗಳಿಗೆ ಅಷ್ಟು ಆಯುಷ್ಯ ಸಿಗುತ್ತಾ ಅನ್ನೋದು ನನ್ನ ಪ್ರಶ್ನೆ.

ನಾವು ಐಟಿಯವರು ಸಾಮಾನ್ಯವಾಗಿ ಎರಡು ರೀತಿಯಲ್ಲಿ ಸಹಾಯ ಮಾಡ್ತೀವಿ. ಹಣ ಕೊಡ್ತೀವಿ, ಇಲ್ಲಾಂದ್ರೆ ವೆಬ್‌ಸೈಟ್ ಮಾಡಿಕೊಡ್ತೀವಿ. ಎರಡೂ ಬೇಕು. ಆದರೆ ನೀವು ಹೋಗೋ ಜಾಗದಲ್ಲಿ ಮುಂದಿನ ಭಾನುವಾರ ಮೂರು ವಿಷಯ ಕೇಳಿ ನೋಡಿ. ಚೆಕ್ಕಿಗೆ ಯಾರು ಯಾರ ಸಹಿ ಇದೆ, ಅವರೆಲ್ಲ ಊರಲ್ಲಿದ್ದಾರಾ? ಕೊನೆಯ ಚೇಂಜ್ ರಿಪೋರ್ಟ್ ಯಾವಾಗ ಕೊಟ್ಟಿದ್ದು? ಹಿರಿಯರು ಒಂದು ತಿಂಗಳು ಊರಿಗೆ ಹೋದರೆ ತೀರ್ಮಾನ ಯಾರು ತಗೊಳ್ತಾರೆ? ಸಾವಿನ ಮಾತು ಎತ್ತಬೇಕಾಗಿಲ್ಲ. ಊರಿಗೆ ಹೋಗೋ ಮಾತು ಎತ್ತಿದರೆ ಸಾಕು, ಅವರೇ ಹೇಳ್ತಾರೆ. ಬಹಳ ಜನ ಯಾರಾದರೂ ಕೇಳಲಿ ಅಂತಲೇ ಕಾಯ್ತಿರ್ತಾರೆ.

ಮುಂದಿನವರು ಯಾರು ಅಂತ ಹುಡುಕುವಾಗ, ಇಂಗ್ಲಿಷ್ ಬರೋರನ್ನ, ಲ್ಯಾಪ್‌ಟಾಪ್ ಹಿಡಿದು ಬಂದೋರನ್ನ ಮೊದಲು ನೋಡಬೇಡಿ. ಬಾಡಿಗೆ ಕಟ್ಟೋಕೆ ಹಣ ಇಲ್ಲದ ತಿಂಗಳು ಯಾರು ಏನು ಮಾಡಿದರು ಅಂತ ಕೇಳಿ ನೋಡಿ. ಅಂಥವರು ಈಗಾಗಲೇ ಅಲ್ಲೇ ಎಲ್ಲೋ ಕೆಲಸ ಮಾಡ್ತಿರ್ತಾರೆ. ನಿಮ್ಮಲ್ಲೇ ಯಾರಿಗಾದರೂ ಮುಂದೆ ಪೂರ್ತಿಯಾಗಿ ಇಂಥ ಕೆಲಸಕ್ಕೆ ಇಳಿಯೋ ಮನಸ್ಸಿದ್ದರೆ, ಐವತ್ತು ದಾಟಲಿ, ಮನೆ ಸಾಲ ತೀರಲಿ ಅಂತ ಕಾಯಬೇಡಿ. ಹತ್ತೊಂಬತ್ತು ವರ್ಷದ ಕೆಲಸ ಅದು, ವಾರಕ್ಕೆ ಮೂರು ಗಂಟೆಯಿಂದಲೇ ಆಗಲಿ, ಈಗಲೇ ಶುರು ಮಾಡಿ.

 ನೀವು ಹೋಗೋ ಸಂಘದಲ್ಲಿ, ಟ್ರಸ್ಟಿನಲ್ಲಿ ಇದು ಹೇಗೆ ನಡೀತಿದೆ ಅಂತ ನನಗೆ ತಿಳಿಸಿ.